ಕಿಟಕಿಯ ಕೆಳಗಿನ ಜನರೇಟರ್

ರಜೆಗೆಂದು ಗಾಡಿಗೆ ಪುಟ್ಟ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಬಂದಿದ್ದ ಲಾರಿ ಡ್ರೈವರ್, ಮಳೆ ಹಿಡಿದಾಗ ಜನರೇಟರ್ ನೆನೆದು ಕೆಟ್ಟೀತೆಂದು ಅದನ್ನು ಟ್ರೇಲರಿನ ಅರೆತೆರೆದ ಕಿಟಕಿಯ ಕೆಳಗೆ, ತಾಡಪಾಲಿನ ಮರೆಗೆ ಎಳೆದಿಟ್ಟ. ಒಳಗೆ ಅದರ ಕರೆಂಟಿನಲ್ಲೇ ಹೀಟರ್ ಹಾಕಿಕೊಂಡು ಹೆಂಡತಿಯೂ ಅತ್ತೆಯೂ ಮಲಗಿದ್ದರು. ಅವನು ನೀರು ತರಲು ಹೋದ.

ಮರಳಿ ಬಂದು ಎಷ್ಟು ಕರೆದರೂ ಉತ್ತರವಿಲ್ಲ. ಬಾಗಿಲು ತೆಗೆದರೆ ಜನರೇಟರಿನ ಹೊಗೆಯ ವಾಸನೆ ಮೂಗಿಗೆ ಅಡರಿತು. ಜನರೇಟರ್ ಆರಿಸಿ, ಬಾಗಿಲ ಬಳಿಯೇ ಇದ್ದ ಅತ್ತೆಯನ್ನು ಹೊರಗೆಳೆದ. ಮುಖಕ್ಕೆ ಮಳೆ ಬಿದ್ದಾಗ ಅವರು ಕಣ್ಣು ಬಿಟ್ಟು, "ನನ್ನ ಬಿಡಪ್ಪಾ, ಅವಳನ್ನ ನೋಡು" ಎಂದರು.

ಉಸಿರು ಬಿಗಿಹಿಡಿದು ಮತ್ತೆ ನುಗ್ಗಿದ. ಹೆಂಡತಿಯನ್ನು ಹೊತ್ತು ತಂದು ಕೆಸರಲ್ಲೇ ಮಲಗಿಸಿ ಕೆನ್ನೆ ತಟ್ಟಿದ. "ಏಯ್, ಏಳೇ! ಬೈಯೇ ನನ್ನನ್ನ, ಏನಾದ್ರೂ ಅನ್ನೇ!" ಎಂದು ಗೋಗರೆದ. ಬಾಯಿಗೆ ಬಾಯಿಟ್ಟು ಗಾಳಿ ಊದಿದ. ಕೊನೆಗೆ ಅವಳು ಕೆಮ್ಮಿ ಮಗ್ಗುಲಾದಳು.

"ಅತ್ತೆ, ಮಳೇಲಿ ನೆನೆಯುತ್ತೆ ಅಂತ ನಾನೇ ಅದನ್ನ ಕಿಟಕಿ ಹತ್ತಿರ..." ಅವನು ಅಳತೊಡಗಿದ.

ಅತ್ತೆ ತಲೆ ಹಿಡಿದುಕೊಂಡೇ ಎದ್ದು ಕೂತರು. "ಆಮೇಲೆ ಅಳುವಿಯಂತೆ. ಮೊದಲು ಗಾಡಿ ತೆಗಿ, ಆಸ್ಪತ್ರೆಗೆ ನಡಿ."