ಮೊದಲ ಹೆಸರು ಕೂಡ್ಲಿಗಿ

ಹಠ ಮಾಡಿದವಳು ನಾನೇ. ಬೇರೆಯವರನ್ನು ಬೈದು ಏನು ಬಂತು?

ಸೊರಗಿದ ಐದು ಊರುಗಳನ್ನು ಕೂಡಿಸಿ ಒಂದೇ ನಗರ ಮಾಡುತ್ತೇವೆ, ಇಪ್ಪತ್ತು ವರ್ಷದಲ್ಲಿ ಎಲ್ಲ ಬದಲಾಗುತ್ತದೆ ಎಂದರು ಸರ್ಕಾರದವರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸದಸ್ಯರೆಲ್ಲ ಒಂದು ಸಭೆಯಲ್ಲಿ ಕೂತೆವು. ನಾನು ಕೂಡ್ಲಿಗಿಯ ಕಡೇ ಓಣಿಯಿಂದ ಗೆದ್ದ ಮಾರೆಮ್ಮ. ನಮ್ಮ ಓಣಿಗಿರುವುದು ಒಂದೇ ಸಿಹಿನೀರಿನ ಬಾವಿ. ಬೋರಿನ ನೀರು ಕುಡಿದರೆ ಹಲ್ಲು ಹಳದಿ, ಕಾಲು ಸೊಟ್ಟ. ಹೊಳೆನೀರಿನ ಪೈಪು ತರುತ್ತೇನೆಂದೇ ನಾನು ಓಟು ಕೇಳಿದ್ದೆ.

ದಪ್ಪ ಯೋಜನೆ ಪುಸ್ತಕ ಎಲ್ಲರ ಮುಂದಿತ್ತು. ಒಬ್ಬರೂ ತೆರೆಯಲಿಲ್ಲ. ಪಟ್ಟಿಯ ಸಾಲಿನಂತೆಯೇ ಊರೂರಿಗೆ ಕೆಲಸ ಎಂದು ಅಧಿಕಾರಿ ಅಂದದ್ದೇ ತಡ, ಯಾವ ಊರಿನ ಹೆಸರು ಮೊದಲು ಎಂದು ಜಗಳ ಹತ್ತಿತು.

"ಕೊಟ್ಟೂರು ಮುಂದ ಇರ್ಲಿ ಬಿಡ್ರಿ, ಮಾರೆಮ್ಮ" ಎಂದರು ಅಲ್ಲಿಯ ಸದಸ್ಯ ಗುರುಬಸವರಾಜ.

"ಯಾಕ್ ಬಿಡ್ಲಿ? ನಮ್ಮಪ್ಪ, ನಮ್ಮಜ್ಜ ಎಲ್ಲಾ ಪಂಕ್ತಿಯಾಗೂ ಕಡೀಗೆ ಕುಂತು ಸಾರಿನ ತಳ ಉಂಡಾರ. ಈ ಸಲ ನಾ ಕಡೀಗೆ ಕುಂದ್ರಂಗಿಲ್ರೀ!"

ಮೇಜು ಗುದ್ದಿದ್ದಕ್ಕೆ ಬಳೆ ಒಡೆಯಿತು. ಅಧಿಕಾರಿ ನಕ್ಕು ಕೂಡ್ಲಿಗಿಯನ್ನು ಮೊದಲು ಬರೆದ. ನಾನು ಸಹಿ ಹಾಕಿದೆ. ಓಣಿಯವರು ಪಟಾಕಿ ಹೊಡೆದರು. ಅಯ್ಯೋ, ಏನು ಸಂಭ್ರಮ ಅದು!

ಯುಗಾದಿ ಕಳೆದ ಮೇಲೆ ಯಂತ್ರಗಳು ಬಂದು ಬಾವಿಯ ಪಕ್ಕದ ಗೋಮಾಳದಲ್ಲಿ ಅಗೆಯತೊಡಗಿದವು. ನೀರಿನ ಟ್ಯಾಂಕಿಗೇ ಇರಬೇಕೆಂದು ಖುಷಿಯಿಂದ ಮಜ್ಜಿಗೆ ಕೊಟ್ಟುಬಂದೆ. ಗುಂಡಿ ಎರಡಾಳು ಆಳವಾಯಿತು, ಕೆರೆಯಷ್ಟು ಅಗಲವಾಯಿತು. ಆಗ ಎಂಜಿನಿಯರ್ ಪ್ರವೀಣಕುಮಾರನನ್ನು ಕೇಳಿದೆ, "ಟ್ಯಾಂಕಿಗೆ ಇಷ್ಟು ದೊಡ್ಡ ಗುಂಡಿ ಯಾಕ್ರಿ?"

"ಟ್ಯಾಂಕ್ ಎಲ್ಲೈತವ್ವಾ? ಐದೂ ಊರಿನ ಕಸ ಇಲ್ಲಿಗೇ ಬರೋದು. ಮೊದಲ ಹೆಸರಿನ ಊರಿಗೆ ಮೊದಲ ಕೆಲಸ, ಅದು ಕಸದ್ದು. ನೀರಿನ ಪೈಪು ಐದನೇದು, ಕಡೇ ಹೆಸರಿನ ಊರಿಗೆ. ಪುಸ್ತಕದಾಗ ಐತಲ್ಲ, ನಿಮ್ಮ ಸಹಿನೂ ಐತಿ."

ನಮ್ಮ ಪಂಚಾಯಿತಿ ಆಫೀಸಿಗೆ ಓಡಿದರೆ ಬಾಗಿಲಿಗೆ ಬೀಗ. ಈಗ ಐದೂರಿಗೂ ಒಂದೇ ಕಚೇರಿ, ಅಲ್ಲಿ ನಾನು ಅರವತ್ತು ಜನರಲ್ಲಿ ಒಬ್ಬಳು. ಅರ್ಜಿ ಕೊಟ್ಟು ಬಂದೆ. ಓಣಿಯಲ್ಲಿ ಬಾಯಿ ಬಿಡಲಿಲ್ಲ. ನಾಚಿಕೆ, ಭಯ ಎರಡೂ.

ಲಾರಿಗಳು ಬರತೊಡಗಿದವು. "ಹೊಲಕ್ಕೆ ಗೊಬ್ಬರ ಮಾಡ್ತಾರಂತ" ಎಂದು ಸುಳ್ಳು ಹೇಳಿದೆ, ನಂಬಿದರು. ಎರಡು ದೊಡ್ಡ ಮಳೆ ಬಿದ್ದವು.

ಎರಡನೇ ಮಳೆಯ ಮರುದಿನ ಬೆಳಗ್ಗೆ ನನ್ನ ಸೊಸೆ ಕ್ರಾಂತಿ, ಏಳು ತಿಂಗಳ ಬಸುರಿ, ಬಾವಿಕಟ್ಟೆಯ ಮೇಲೆ ಲೋಟ ಹಿಡಿದು ನಿಂತಿದ್ದಳು.

"ಅತ್ತಿ, ನೀರು ಒಂಥರಾ ವಾಸನಿ ಬರಾಕತ್ತೈತಿ. ಕುಡೀಬಹುದಾ?"

ಕೊಡ ಹಿಡಿದ ಹೆಂಗಸರೆಲ್ಲ ನನ್ನ ಮುಖ ನೋಡಿದರು. ಮೆಂಬರ್ ಹೇಳಿದ್ದೇ ಅವರಿಗೆ ಖರೆ.

"ಏನಾಗಂಗಿಲ್ಲ, ಹೊಸ ಮಳಿನೀರು ಬೆರತೈತಿ ಅಷ್ಟ" ಎಂದೆ.

ಅವರು ಹಗ್ಗ ಇಳಿಸಿದರು. ಕ್ರಾಂತಿ ಲೋಟವನ್ನು ತುಟಿಗೆ ಒಯ್ದಳು. ನಾನು ಅದನ್ನು ಕಸಿದು ನೆಲಕ್ಕೆ ಚೆಲ್ಲಿಬಿಟ್ಟೆ.

ಎಲ್ಲರೂ ನೋಡಿದರು.