ಹೊಟ್ಟೆ ಸುಟ್ಟ ವಾಸನೆ

ಬಟಾಣಿ ಬಿಡಿಸುತ್ತಿದ್ದ ದೊಡ್ಡ ಸೊಸೆ ಕೈ ನಿಲ್ಲಿಸಿ ಮೂಗು ಮೇಲೆತ್ತಿದಳು. ಕೇಕಿನ ಘಮದ ಅಡಿಯಲ್ಲಿ ಅದೇ ವಾಸನೆ ಮತ್ತೆ ಬಂದಿತ್ತು. ಕೆಟ್ಟ ಮೀನಿನಂಥದು. ಮನೆಗೆ ಮೀನು ತಂದು ತಿಂಗಳಾಗಿತ್ತು.

ಅಡುಗೆಮನೆಯ ಮೂಲೆಯಲ್ಲಿ ಓವನ್ ಗುಂಯ್‌ಗುಡುತ್ತಿತ್ತು. ಅದರ ಗಾಜಿನ ಬಾಗಿಲ ಹಿಂದೆ ಚಿಕ್ಕ ಸೊಸೆಯ ಕೇಕು ಉಬ್ಬುತ್ತಿತ್ತು. ಮರುದಿನ ಒಂದು ಮದುವೆಗೆ ಹೋಗಬೇಕಾದ ಮೂರು ಅಂತಸ್ತಿನ ಕೇಕಿನ ಕೆಳಗಿನ ಅಂತಸ್ತು ಅದು. ಮೇಲಿನವೆರಡು ಆಗಲೇ ಬೆಂದು, ಬಟ್ಟೆ ಹೊದ್ದು ಮೇಜಿನ ಮೇಲೆ ಕೂತಿದ್ದವು. ಚಿಕ್ಕವಳು ನಡುಮನೆಯಲ್ಲಿ ಸಕ್ಕರೆಯ ಹೂವು ಮಾಡುತ್ತಿದ್ದಳು. ಜೊತೆಗೆ ಹಾಡು ಬೇರೆ ಗುನುಗುತ್ತಿದ್ದಳು.

ಎಂಟು ತಿಂಗಳ ಹಿಂದಿನವರೆಗೆ ಈ ಮನೆಯಲ್ಲಿ ಕೈರುಚಿ ಎಂದರೆ ದೊಡ್ಡವಳದು. ಬಂದವರಿಗೆಲ್ಲ ಅತ್ತೆಯೇ ಹಾಗೆ ಹೇಳುತ್ತಿದ್ದರು. ಓವನ್ ಬಂದದ್ದೇ ಬಂದದ್ದು, ಅತ್ತೆಯ ನಾಲಿಗೆಗೆ ಬೇರೆ ರುಚಿ ಹತ್ತಿತು. ಬೀದಿಯವರು, ಮೈದುನನ ಆಫೀಸಿನವರು, ಕಡೆಗೆ ಸ್ವಂತ ಗಂಡ ಕೂಡ ತಟ್ಟೆ ಹಿಡಿದು ಆ ಕಡೆಗೇ ಹೋದರು. ದೊಡ್ಡವಳ ಅಡುಗೆಯನ್ನು ಯಾರೂ ಹಳಿಯಲಿಲ್ಲ, ನಿಜ. ಹೊಗಳುವುದನ್ನು ಮರೆತರು, ಅಷ್ಟೇ. ಹಳಿದಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳಿಗಿದ್ದದ್ದು ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಚಂದದ ಹೆಸರು ಇಡುವುದು ಬೇಡ. ಕೇಕು ಬಾಯಿಗಿಟ್ಟಾಗಲೆಲ್ಲ ಏನಾದರೊಂದು ಕೊರತೆ ಹುಡುಕಿ ಹೇಳುತ್ತಿದ್ದಳು. ಸಿಹಿ ಮುಂದಾಯಿತು, ಬಣ್ಣ ಸಾಲದು. ಏನೂ ಸಿಗದಿದ್ದರೆ, ಅಂಚು ಗಟ್ಟಿಯಾಯಿತು.

ವಾಸನೆಯ ಮಾತನ್ನು ಅವಳು ಗುರುವಾರವೇ ಎತ್ತಿದ್ದಳು. ಓವನ್ ಹಾಕಿದಾಗೆಲ್ಲ ಏನೋ ಸುಟ್ಟಂತೆ ವಾಸನೆ ಬರುತ್ತದೆ ಎಂದು ಊಟದ ಹೊತ್ತಿನಲ್ಲಿ ಹೇಳಿದಳು. ಮೈದುನ ತಟ್ಟೆಯಿಂದ ತಲೆ ಎತ್ತಲೇ ಇಲ್ಲ.

"ಅತ್ತಿಗೆ, ಒಂದ್ಸಲ ನಿಮ್ಮ ಹೊಟ್ಟೆ ಮುಟ್ಟಿ ನೋಡ್ಕೊಳ್ಳಿ. ಅಲ್ಲಿಂದಲೇ ಬರ್ತಿರಬಹುದು."

ಎಲ್ಲರೂ ನಕ್ಕರು. ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದ ಗಂಡ, ಅವನೂ ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ದೊಡ್ಡವಳ ಕೈ ನಿಜವಾಗಿಯೂ ಹೊಟ್ಟೆಯ ಮೇಲೆ ಹೋಗಿತ್ತು. ಅದನ್ನು ಕಂಡು ಇನ್ನೊಂದು ಸುತ್ತು ನಕ್ಕರು.

ಅವಳು ಬಟ್ಟೆ ಕಾರ್ಖಾನೆಯೊಂದರ ಇಸ್ತ್ರಿ ವಿಭಾಗದಲ್ಲಿ ಮೇಲ್ವಿಚಾರಕಿ. ಆರು ತಿಂಗಳಿಗೊಮ್ಮೆ ಅಗ್ನಿಶಾಮಕದವನೊಬ್ಬ ಬಂದು ಅದೇ ಪಾಠ ಒಪ್ಪಿಸಿ ಹೋಗುತ್ತಿದ್ದ. ಮೀನಿನ ವಾಸನೆ ಬಂದರೆ ಬೆಕ್ಕನ್ನು ಹುಡುಕಬೇಡಿ, ವೈರನ್ನು ಹುಡುಕಿ ಎನ್ನುವುದು ಅವನ ಮಾಮೂಲಿ ತಮಾಷೆ. ಶುಕ್ರವಾರ ಓವನ್ ನಡೆಯುತ್ತಿದ್ದಾಗ, ಅಡುಗೆಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಅವಳು ಮುಂಗೈಯನ್ನು ಸ್ವಿಚ್ ಬೋರ್ಡಿಗೆ ತಾಗಿಸಿ ನೋಡಿದಳು. ಜ್ವರದ ಮಗುವಿನ ಹಣೆಯಂತೆ ಸುಡುತ್ತಿತ್ತು. ಶನಿವಾರ ಓವನ್ ಹಾಕುತ್ತಿದ್ದಂತೆ ದೀಪ ಮಂಕಾಯಿತು. ಎರಡು ದಿನವೂ ಅವಳು ತುಟಿ ಬಿಚ್ಚಲಿಲ್ಲ. ನಗಲಿ, ಇನ್ನೂ ನಗಲಿ ಎಂದುಕೊಂಡಳು. ಆ ಡಬ್ಬಿ ಒಂದು ದಿನ ಕೆಟ್ಟು ಕೂತುಕೊಳ್ಳಲಿ ಎಂದೂ ಅಂದುಕೊಂಡಳು. ಅದರಾಚೆಗೆ ಏನಾದೀತು ಎಂದು ಯೋಚಿಸಲು ಹೋಗಲಿಲ್ಲ.

ಈಗ, ಭಾನುವಾರ, ಬೋರ್ಡಿನೊಳಗಿಂದ ಚುರುಚುರು ಸದ್ದು ಕೇಳುತ್ತಿತ್ತು. ಪ್ಲಗ್ಗಿನ ಸುತ್ತ ಬಿಳಿ ಪ್ಲಾಸ್ಟಿಕ್ಕು ಚಹಾದ ಬಣ್ಣಕ್ಕೆ ತಿರುಗಿತ್ತು. ಆ ಗೋಡೆಯ ಆಚೆ ಬದಿಗೇ ಅತ್ತೆಯ ಮಂಚ. ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು.

ದೊಡ್ಡವಳು ಎದ್ದಳು. ಏನು ಮಾಡಬೇಕೆಂದು ಗೊತ್ತಿತ್ತು. ಮಾಡಿದರೆ ಕೇಕು ಕುಸಿಯುತ್ತದೆ ಎಂಬುದೂ ಗೊತ್ತಿತ್ತು. ಮದುವೆಯ ಕೇಕು ಬೇಯುವಾಗಲೇ ನೋಡಿಕೊಂಡು ಕರೆಂಟು ತೆಗೆದಳಂತೆ ಮಹಾರಾಯಿತಿ, ಎಂದು ಈ ಮನೆಯಲ್ಲಿ ಅವಳ ಮೊಮ್ಮಕ್ಕಳಿಗೂ ಹೇಳುತ್ತಾರೆ. ಬಾಗಿಲ ಮೇಲಿನ ಮೇನ್ ಸ್ವಿಚ್ಚಿಗೆ ಸ್ಟೂಲು ಹಾಕಿ ಹತ್ತಿ, ಕೈ ಇಟ್ಟು ಒಂದು ಗಳಿಗೆ ಹಾಗೆಯೇ ನಿಂತಳು. ನಡುಮನೆಯಲ್ಲಿ ಹಾಡು ನಡೆದೇ ಇತ್ತು. ಅವಳು ಮೇನ್ ಇಳಿಸಿದಳು.

ಫ್ಯಾನು ನಿಂತಿತು, ಓವನ್ ನಿಂತಿತು, ಹಾಡೂ ನಿಂತಿತು.

"ಅಕ್ಕಾ, ಕರೆಂಟ್ ಹೋಯ್ತಾ?"

"ಹೋಗಿಲ್ಲ. ನಾನೇ ತೆಗ್ದೆ."

ಚಿಕ್ಕವಳು ಸಕ್ಕರೆ ಮೆತ್ತಿದ ಕೈಯಲ್ಲೇ ಓಡಿ ಬಂದಳು. ಬೋರ್ಡಿನಿಂದ ದಾರದಷ್ಟು ತೆಳ್ಳಗೆ ಹೊಗೆ ಏಳುತ್ತಿತ್ತು. ಪ್ಲಗ್ ಕೀಳಲು ಕೈ ಚಾಚಿದವಳ ಮಣಿಕಟ್ಟನ್ನು ದೊಡ್ಡವಳು ಹಿಡಿದಳು. ಮುಟ್ಟಬೇಡ, ನೀರೂ ಹಾಕಬೇಡ ಎಂದಳು. ಅತ್ತೆಯನ್ನು ಎಬ್ಬಿಸಿ, ಮೂವರೂ ಹೊರಬಾಗಿಲ ಮೆಟ್ಟಿಲಿಗೆ ಬಂದರು. ಹೊಗೆ ಹೆಚ್ಚಿದರೆ ಅಗ್ನಿಶಾಮಕದವರಿಗೆ ಹೇಳುವುದೆಂದು ಫೋನು ಕೈಯಲ್ಲೇ ಹಿಡಿದು ತೆರೆದ ಬಾಗಿಲಿನಿಂದ ನೋಡುತ್ತಾ ನಿಂತರು. ಅದು ಹೆಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ನಿಂತೇ ಹೋಯಿತು. ದೊಡ್ಡವಳು ವೈರಿಂಗಿನವನಿಗೆ ಫೋನು ಮಾಡಿದಳು.

ಹೊಗೆ ನಿಂತದ್ದೇ ಚಿಕ್ಕವಳಿಗೆ ಕೇಕು ನೆನಪಾಯಿತು. ಇನ್ನು ಹನ್ನೆರಡೇ ನಿಮಿಷ ಇತ್ತು, ಅಷ್ಟಕ್ಕೆ ಏನೂ ಆಗಲ್ಲ, ಒಮ್ಮೆ ಮೇನ್ ಹಾಕುತ್ತೇನೆ ಎಂದು ಒಳಗೆ ಹೊರಟಳು. ದೊಡ್ಡವಳು ಬಾಗಿಲಿಗೆ ಅಡ್ಡ ನಿಂತಳು.

"ನಿಮಗೆ ಮೊದಲಿಂದಲೂ ಆಗಲ್ಲ ಅಕ್ಕ," ಎಂದಳು ಚಿಕ್ಕವಳು. ಕಣ್ಣು ತುಂಬಿತ್ತು. "ನನ್ನ ಓವನ್ ಕಂಡ್ರೆ ನಿಮಗಾಗಲ್ಲ."

"ಹೌದು, ಆಗಲ್ಲ. ಹೊಟ್ಟೆಕಿಚ್ಚಿಗೇ ತೆಗ್ದೆ ಅಂತ ಬೇಕಾದ್ರೆ ಊರಿಗೆಲ್ಲ ಹೇಳು. ಮೇನ್ ಮಾತ್ರ ಹಾಕಬೇಡ."

ಅತ್ತೆ ಒಬ್ಬರ ಮುಖ ನೋಡಿದರು, ಇನ್ನೊಬ್ಬರ ಮುಖ ನೋಡಿದರು.

ಅಣ್ಣತಮ್ಮಂದಿರು ಪೇಟೆಯಿಂದ ಮರಳುವಷ್ಟರಲ್ಲಿ ವೈರಿಂಗಿನವನು ಬೋರ್ಡು ಬಿಚ್ಚಿದ್ದ. ಒಳಗೆಲ್ಲ ಕಪ್ಪು. ವೈರುಗಳ ಮೇಲಿನ ಪ್ಲಾಸ್ಟಿಕ್ಕು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ದೀಪಕ್ಕೆಂದು ಎಳೆದ ಹಳೇ ವೈರಿಗೆ ಓವನ್ ತಗುಲಿಸಿದರೆ ಇನ್ನೇನಾದೀತು ಎಂದು ಅವನು ಗೊಣಗಿದ. ಇನ್ನು ಐದು ನಿಮಿಷ ತಡವಾಗಿದ್ದರೆ ಮರದ ಕಪಾಟಿಗೆ ಹತ್ತಿಕೊಳ್ಳುತ್ತಿತ್ತಂತೆ. ಅದಕ್ಕೇ ಬೇರೆ ವೈರು ಎಳೆಯುವವರೆಗೆ ಮೇನ್ ಮುಟ್ಟಬಾರದು, ಆ ಕೆಲಸ ನಾಳೆಯೇ ಎಂದ. ಮೈದುನನ ಮುಖ ಬಿಳಿಚಿಕೊಂಡಿತ್ತು. ಅತ್ತಿಗೆಯ ಮೂಗೇ ಮನೆ ಉಳಿಸಿತು ಎಂದ. ಅತ್ತೆ ದೊಡ್ಡವಳ ಭುಜ ಸವರಿದರು. ಎಂಟು ತಿಂಗಳಾದ ಮೇಲೆ ಮನೆಮಂದಿಯೆಲ್ಲ ಅವಳ ಕಡೆ ನೋಡುತ್ತಿದ್ದರು. ಚಿಕ್ಕವಳೂ ನೋಡುತ್ತಿದ್ದಳು. ಅದು ಹಿತವಾಗಿತ್ತು.

"ಇದು ಇವತ್ತಿನದಲ್ಲ," ಎಂದ ವೈರಿಂಗಿನವನು. "ಬೋರ್ಡು ದಿನಾ ಬಿಸಿ ಆಗಿರತ್ತೆ. ಯಾರೂ ನೋಡಲಿಲ್ವಾ?"

ಯಾರೂ ನೋಡಿರಲಿಲ್ಲ ಎಂದು ಮೈದುನ ಹೇಳುತ್ತಿದ್ದ. ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ನಾನು ನೋಡಿದ್ದೆ, ಶುಕ್ರವಾರವೇ," ಎಂದಳು ದೊಡ್ಡವಳು. ಚಿಕ್ಕವಳಿಗೆ ಮಾತ್ರ ಹೇಳುವಂತೆ ಹೇಳಿದಳು. "ಗೊತ್ತಿದ್ದೂ ಸುಮ್ಮನಿದ್ದೆ. ಒಂದ್ಸಲ ಕೆಡಲಿ ಅನ್ನಿಸ್ತು."

ಭುಜದ ಮೇಲಿದ್ದ ಅತ್ತೆಯ ಕೈ ಹಿಂದೆ ಹೋಯಿತು. ಮೈದುನ ಏನೋ ಹೇಳಲು ಬಾಯಿ ತೆರೆದ; ಗುರುವಾರ ಊಟಕ್ಕೆ ಕೂತಾಗ ತಾನಾಡಿದ್ದು ನೆನಪಾಗಿರಬೇಕು, ಮುಚ್ಚಿಕೊಂಡ. ಚಿಕ್ಕವಳು ಹಿಟ್ಟು, ಬೆಣ್ಣೆ, ಮೊಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಬೀದಿಯ ಕೊನೆಯ ಬೇಕರಿಗೆ ಹೋದಳು. ಅವರ ಓವನ್ನಿನಲ್ಲಿ ಇನ್ನೊಂದು ಅಂತಸ್ತು ಬೇಯಿಸಿ ತಂದಾಗ ಸಂಜೆಯಾಗಿತ್ತು.

ಕುಸಿದ ಕೇಕು ಅಡುಗೆಮನೆಯಲ್ಲೇ ಉಳಿದಿತ್ತು. ಕಿಟಕಿಯ ಬೆಳಕು ಇನ್ನೂ ಸ್ವಲ್ಪ ಇತ್ತು. ಚಿಕ್ಕವಳು ಅದರಲ್ಲೊಂದು ತುಂಡು ಕತ್ತರಿಸಿ ತಟ್ಟೆಗಿಟ್ಟು ದೊಡ್ಡವಳ ಮುಂದೆ ತಳ್ಳಿದಳು. ದೊಡ್ಡವಳು ತಿಂದಳು. ಚೆನ್ನಾಗಿತ್ತು. ಕುಸಿದು ಕೂತದ್ದು ಕೂಡ ಇಷ್ಟು ಚೆನ್ನಾಗಿರಬೇಕೇ ಎಂದು ಹೊಟ್ಟೆಯಲ್ಲಿ ಅದೇ ಹಳೇ ಉರಿ ಎದ್ದಿತು.

"ನಡುವೆ ಹಸಿ ಇದೆ," ಎಂದಳು.

"ಹೂಂ, ಇದೆ," ಎಂದಳು ಚಿಕ್ಕವಳು.

ದೊಡ್ಡವಳು ತುಂಡು ಮುಗಿಸಿ ಖಾಲಿ ತಟ್ಟೆಯನ್ನು ಅವಳ ಕಡೆ ಸರಿಸಿದಳು. ಚಿಕ್ಕವಳು ಚಾಕು ಎತ್ತಿಕೊಂಡು ಕೇಕನ್ನು ಸುತ್ತ ತಿರುಗಿಸಿ ನೋಡಿದಳು. ಚೆನ್ನಾಗಿ ಬೆಂದ ಅಂಚಿನಲ್ಲಿ ಕೊಯ್ದು ತಟ್ಟೆಗೆ ಹಾಕಿದಳು.