ನೋಯದ ತೋಳು

ಮಾವಿನಕುರ್ವೆಯ ತಿಮ್ಮಿ ತನ್ನ ತಮ್ಮ ಮಾದೇವನಿಗೆ ಒಂದು ಕಿಡ್ನಿ ಕೊಟ್ಟು ಎರಡು ವರ್ಷವಾಗಿತ್ತು. ಅದರ ಯಜಮಾನಿಕೆಯನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಬೊಂಬಾಯಿಯ ಆಸ್ಪತ್ರೆಯಿಂದ ಮರಳಿದಂದಿನಿಂದ ಅವನು ಉಣ್ಣುವಾಗ ಎದುರು ಕುಳಿತು, "ಒಣಮೀನು ಮುಟ್ಬೇಡ, ನನ್ನ ಕಿಡ್ನಿಗೆ ಉಪ್ಪು ಆಗೂದಿಲ್ಲ" ಎನ್ನುತ್ತಿದ್ದಳು. ಮಾದೇವ ಈಗ ಸಮುದ್ರಕ್ಕೆ ಇಳಿಯುತ್ತಿರಲಿಲ್ಲ. ಹೊತ್ತುಹೊತ್ತಿಗೆ ಗುಳಿಗೆ ನುಂಗುತ್ತ, ಅಂಗಳದ ಚಪ್ಪರದಡಿ ಊರಿನ ಮಚವೆ ದೋಣಿಗಳ ಇಂಜಿನ್ ರಿಪೇರಿ ಮಾಡಿಕೊಂಡಿದ್ದ.

ಎಂಬತ್ನಾಲ್ಕರ ಮಳೆಗಾಲದ ಕೊನೆಗೆ ಹೊಳೆಯಾಚೆ ಟೈಫಾಯ್ಡ್ ಎದ್ದಿತು. ಹೊನ್ನಾವರದಿಂದ ಡಾಕ್ಟರ್ ರಮಾನಂದ ದೋಣಿಯಲ್ಲಿ ಬಂದು ಶಾಲೆಯ ಜಗಲಿಯಲ್ಲಿ ಅದನ್ನು ತಡೆಯುವ ಸೂಜಿಮದ್ದು ಹಾಕಿದರು. ಊರಿನ ಗಂಡಸರು ಹೆಚ್ಚಿನವರು ಹಿತ್ತಿಲಿನಿಂದಲೇ ಪರಾರಿ. ತಿಮ್ಮಿಯ ತೋಳು ಮಾರನೆಯ ದಿನ ಮೊಗೆಕಾಯಿಯಂತೆ ಬಾತು, ಚಳಿಜ್ವರಕ್ಕೆ ಮನೆಯ ಕಂಬಳಿಗಳೆಲ್ಲ ಅವಳ ಮೈಮೇಲೆ ಬಂದವು. ಅದೇ ಮದ್ದು ಹಾಕಿಸಿಕೊಂಡ ಮಾದೇವ ಹಾಡು ಗುನುಗುತ್ತ ಸ್ಪ್ಯಾನರ್ ತಿರುಗಿಸುತ್ತಿದ್ದ.

"ನಿಂಗೆ ನೋಯ್ತಿಲ್ವನಾ?"

"ಇಲ್ಲ ಅಕ್ಕಾ."

"ಚೂರೂ?"

"ಇಲ್ಲ ಅಂದೆ ಅಲ್ದಾ?"

ಇದನ್ನು ಕೇಳಿ ಡಾಕ್ಟರಿಗೆ ಕುತೂಹಲವಾಯಿತು. ಕಿಡ್ನಿಯ ಸಂಗತಿ ಗೊತ್ತಿದ್ದುದರಿಂದ ಸೂಜಿ ಹಾಕುವ ಮೊದಲೇ ಅಕ್ಕತಮ್ಮಂದಿರ ರಕ್ತ ತೆಗೆದಿಟ್ಟಿದ್ದರು. ಕೆಲವು ವಾರ ಬಿಟ್ಟು ಮತ್ತೆ ತೆಗೆದು ಕುಮಟೆಯಲ್ಲಿ ಪರೀಕ್ಷೆ ಮಾಡಿಸಿದರು. ತಿಮ್ಮಿಯ ರಕ್ತ ಮದ್ದಿಗೆ ಜೋರಾಗಿ ಓಗೊಟ್ಟಿತ್ತು. ಮಾದೇವನದು ಹೂಂ ಎಂದೂ ಅಂದಿರಲಿಲ್ಲ.

"ಹಾಂಗಾರೆ ತಪ್ಪು ನನ್ನ ಕಿಡ್ನಿದಲ್ಲ!" ಎಂದಳು ತಿಮ್ಮಿ, ಗೆದ್ದವಳಂತೆ.

"ಕಿಡ್ನಿದಲ್ಲ ತಿಮ್ಮಕ್ಕ, ಗುಳಿಗೆದು. ಮೈಯ ಕಾವಲುಗಾರರು ಕಿಡ್ನಿಯ ಮೇಲೆ ಬೀಳಬಾರದು ಅಂತ ಗುಳಿಗೆ ಅವರನ್ನ ಮಂಪರಿನಲ್ಲಿ ಇಟ್ಟಿದೆ. ಸೂಜಿಮದ್ದು ಬಂದು ಕೂಗಿದ್ರೂ ಅವರು ಏಳೂದಿಲ್ಲ. ಟೈಫಾಯ್ಡೇ ಬಂದ್ರೂ ಏಳೂದು ಕಷ್ಟ" ಎಂದರು ಡಾಕ್ಟರು.

"ಎರಡು ದಿನ ಗುಳಿಗೆ ನಿಲ್ಸಿ, ಎಬ್ಸಿ, ಸೂಜಿ ಹಾಕಿ, ಮತ್ತೆ ಮಲಗ್ಸುವ" ಎಂದಳು ತಿಮ್ಮಿ.

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಅದೊಂದು ಮಾತ್ರ ಮಾಡ್ಬೇಡಿ! ಎದ್ದವರು ಮೊದಲು ಕಿಡ್ನಿಯನ್ನೇ ಹೊರಗಿನದು ಅಂತ ಹಾಳು ಮಾಡ್ತಾರೆ."

"ಹೊರಗಿನದಾ?" ತಿಮ್ಮಿಯ ಮುಖ ಕೆಂಪೇರಿತು. "ಒಂದೇ ಹೊಟ್ಟೇಲಿ ಹುಟ್ಟಿದವ್ರು ನಾವು! ಅವಕ್ಕೆ ಅಷ್ಟೂ ತಿಳೀದಾ?"

ಕೊನೆಗೆ ಡಾಕ್ಟರು ಹೇಳಿದ್ದು ಇಷ್ಟು: ಕುಡಿಯುವ ನೀರು ಕುದಿಸಬೇಕು, ಕೈ ತೊಳೆಯಬೇಕು, ಅವನ ಸುತ್ತ ಓಡಾಡುವವರೆಲ್ಲ ಸೂಜಿ ಹಾಕಿಸಿಕೊಳ್ಳಬೇಕು. ಅವನ ಮೈ ಅವನನ್ನು ಕಾಯದಿದ್ದರೆ ಸುತ್ತಲಿನವರ ಮೈ ಕಾಯಲಿ.

ತಿಮ್ಮಿ ಮೀನು ಮಾರುವ ಬುಟ್ಟಿಯನ್ನು ಮೂಲೆಗಿಟ್ಟು ಅಂಗಳದ ಬೇಲಿಬಾಗಿಲಾದ ದಣಪೆಯ ಬಳಿ ಕೂತಳು. ಯಾರೇ ಬರಲಿ, ಹೆಬ್ಬೆರಳಿನಿಂದ ತೋಳು ಒತ್ತುವಳು. "ಅಯ್ಯೋ" ಎಂದವರಿಗೆ ಒಳಗೆ ಪ್ರವೇಶ. ಸುಮ್ಮನಿದ್ದವರಿಗೆ, "ಸೂಜಿ ಹಾಕ್ಸ್ಕಂಡು ಬಾ." ಡಾಕ್ಟರ ಚೀಟಿ ತೋರಿಸಿದರೂ ಕೇಳಳು, ಓದಲು ಬಾರದವಳಿಗೆ ಬಾವು ಓದಲು ಬರುತ್ತಿತ್ತು.

ಮೂರನೆಯ ದಿನ ಮಹಾಬಲ ಬಂದ. ದೊಡ್ಡ ಮಚವೆಯ ಯಜಮಾನ, ಬಿರುಗಾಳಿಗೆ ಹೆದರದವನು, ಸೂಜಿಯ ಹೆಸರಿಗೇ ಬೆವರುವವನು. ಅವನ ಬೆನ್ನಿಗೇ ಮಚವೆಯ ಆಳುಗಳಾದ ಕಲಾಸಿಗಳು ಕೆಟ್ಟ ಇಂಜಿನನ್ನು ಅಡ್ಡೆ ಕಟ್ಟಿ ಹೊತ್ತು ತಂದು ದಣಪೆಯ ಹೊರಗೆ ಇಳಿಸಿದರು. ತಿಮ್ಮಿ ಬೆರಳು ಚಾಚುವ ಮೊದಲೇ ಮಹಾಬಲ, "ಅಯ್ಯಯ್ಯೋ!" ಎಂದು ಕೂಗಿದ.

ತಿಮ್ಮಿ ಇನ್ನೊಂದು ತೋಳು ಒತ್ತಿದಳು. "ಅಯ್ಯೋ ಸತ್ತೆ!"

"ಎರಡೂ ಬದಿಗೆ ಹಾಕ್ಸ್ಕಂಡ್ಯಾ ಮಾಬ್ಲಣ್ಣ?"

"ಎಂತ ಮಾಡೂದು, ಡಾಕ್ಟರು ಬಿಡ್ಲಿಲ್ಲ."

ತಿಮ್ಮಿ ಅವನ ಮೊಣಕಾಲು ಒತ್ತಿದಳು. ಅದಕ್ಕೂ ಕೂಗಿದ. ಕಲಾಸಿಗಳು ನಗು ತಡೆಯಲಾರದೆ ತಿರುಗಿ ನಿಂತರು.

ಮಾದೇವ ಚಪ್ಪರದಿಂದ, "ಬಿಡೇ ಅಕ್ಕಾ, ಬಂಗಡೆ ಮೀನಿನ ಹಂಗಾಮು" ಎಂದ. ತಿಮ್ಮಿ ಬಿಡಲಿಲ್ಲ. ಹೊರಗಿನಿಂದ ಕಲಾಸಿಗಳು ನೂಕಿದರು, ಒಳಗಿನಿಂದ ಅವಳು ಎಳೆದಳು; ಇಂಜಿನ್ ಮಾತ್ರ ಒಳಗೆ ಹೋಯಿತು, ಅದೂ ಬಿಸಿನೀರು ಹೊಯ್ಸಿಕೊಂಡು. "ತಕಂಡು ಹೋಗುಕೆ ಬರೂವಾಗ ಸೂಜಿ ಹಾಕ್ಸ್ಕಂಡೇ ಬನ್ನಿ" ಎಂದಳು.

ಮಹಾಬಲನಿಗೆ ಬೇರೆ ದಾರಿ ಇರಲಿಲ್ಲ. ಕಲಾಸಿಗಳನ್ನೆಲ್ಲ ಕಟ್ಟಿಕೊಂಡು ಹೊನ್ನಾವರಕ್ಕೆ ಹೋದ. ತನ್ನ ಎರಡನೆಯ ಸೂಜಿ ಹಾಕಿಸಿಕೊಳ್ಳಲೆಂದು ತಿಮ್ಮಿಯೂ ಅದೇ ದೋಣಿ ಹತ್ತಿದಳು. ಮಾರನೆಯ ಬೆಳಿಗ್ಗೆ ಅಷ್ಟೂ ಜನ ದಣಪೆಯ ಮುಂದೆ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಪ್ರಾಮಾಣಿಕವಾಗಿ ಅರಚಿ ಒಳಗೆ ಬಂದರು. ಇಂಜಿನ್ ಸಿದ್ಧವಾಗಿತ್ತು. ಎತ್ತುವವರಿಲ್ಲ! ಒಬ್ಬನ ತೋಳೂ ಭುಜದವರೆಗೆ ಏಳುತ್ತಿರಲಿಲ್ಲ. ಬಂಗಡೆಗಳು ಸಮುದ್ರದಲ್ಲಿ ಸುಖವಾಗಿದ್ದವು; ಊರಿಗೆ ಊರೇ ಉಪ್ಪಿನಕಾಯಿ ನೆಕ್ಕಿ ಗಂಜಿ ಕುಡಿಯಿತು.

ಆ ಸಂಜೆ ಮಾದೇವ ಮಚವೆಯಲ್ಲಿ ಇಂಜಿನ್ ಕೂರಿಸುವ ಜಾಗ ನೋಡಿ ಬರಲೆಂದು ದಂಡೆಗೆ ಹೋಗಿದ್ದ. ಮರಳಿದಾಗ ಅರ್ಧ ಜ್ವರದಲ್ಲಿ ಕೂತಿದ್ದ ತಿಮ್ಮಿ ಮುಖ ನೋಡದೆ ಅವನ ತೋಳು ಒತ್ತಿದಳು. ಸದ್ದಿಲ್ಲ. ಮತ್ತೂ ಬಲವಾಗಿ ಒತ್ತಿದಳು.

"ನೋಯೂದಿಲ್ಲ ಅಕ್ಕಾ," ಎಂದ ಮಾದೇವ ಮೆಲ್ಲಗೆ. "ನಿನ್ನ ಕಾಯಿದೆ ಪ್ರಕಾರ ನಾ ಒಳಗೆ ಬರೂಕಾಗೂದಿಲ್ಲ."

ತಿಮ್ಮಿ ತಲೆಯೆತ್ತಿದಳು. ಇಷ್ಟು ದಿನ ಬಾಯಲ್ಲಿದ್ದ ಹೆದರಿಕೆ ಎದೆಗಿಳಿದದ್ದು ಆಗಲೇ. ಊರಿಗೆಲ್ಲ ನೋವಿದೆ, ಇವನೊಬ್ಬನಿಗಿಲ್ಲ. ಕಣ್ಣು ತುಂಬಿತು. ತನ್ನ ಬಾತ ತೋಳನ್ನೇ ಹೆಬ್ಬೆರಳಿನಿಂದ ಒತ್ತಿಕೊಂಡು, ಹೊಳೆಯಾಚೆಗೂ ಕೇಳುವಂತೆ "ಅಯ್ಯೋ!" ಎಂದಳು.

"ಆತು. ನಿನ್ನದೂ ನಾನೇ ಕೂಗಿದೆ. ಒಳಗೆ ನಡಿ."

ಮಾದೇವ ನಗುತ್ತ ದಣಪೆ ದಾಟಿದ. ಆ ವರ್ಷ ಟೈಫಾಯ್ಡ್ ಅವನತ್ತ ಸುಳಿಯಲಿಲ್ಲ. ಕುದಿಸಿದ ನೀರಿನಿಂದಲೋ, ಊರಿನ ತೋಳುಗಳಿಂದಲೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ನೋವು ಇಳಿದ ಮೇಲೆ ಕಲಾಸಿಗಳು ಇಂಜಿನ್ ಹೊತ್ತರು. ಮಹಾಬಲ ಮಾತ್ರ ಇನ್ನೂ ನೋಯುತ್ತದೆಂದು ಹೇಳಿ ಬರಿಗೈಯಲ್ಲಿ ಮುಂದೆ ನಡೆದ.